ಡ್ರೈವರ್ ಮೇಲಿನ ಸಹಿ

ಕೇಳುಗರೆ, ನಮಸ್ಕಾರ.

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಪ್ರಿಂಟರ್ ಕೊಂಡವರಿಗೆ ನೆನಪಿರಬಹುದು. ಸಿ.ಡಿ. ಹಾಕಿದರೆ ಒಂದು ಎಚ್ಚರಿಕೆ ಬರುತ್ತಿತ್ತು: ಈ ಡ್ರೈವರ್, ಅಂದರೆ ಪ್ರಿಂಟರನ್ನು ಕಂಪ್ಯೂಟರಿನೊಂದಿಗೆ ಮಾತಾಡಿಸುವ ತಂತ್ರಾಂಶ, ಮೈಕ್ರೋಸಾಫ್ಟ್‌ನ ಲೋಗೋ ಪರೀಕ್ಷೆ ಪಾಸಾಗಿಲ್ಲ. ಕೆಳಗೆ ‘ಕಂಟಿನ್ಯೂ ಎನಿವೇ’ ಅಂತ ಒಂದು ಬಟನ್. ನಾವೆಲ್ಲ ಸುಮ್ನೆ ಅದನ್ನೇ ಒತ್ತಿದ್ದು, ಅಲ್ವಾ? ಎಷ್ಟೋ ಕಂಪನಿಗಳ ಕೈಪಿಡಿಯಲ್ಲೇ ‘ಅದನ್ನು ಒತ್ತಿ’ ಎಂದು ಬರೆದಿರುತ್ತಿತ್ತು!

ಆದರೆ ಡ್ರೈವರ್ ಸಾಮಾನ್ಯ ಆಸಾಮಿಯಲ್ಲ. ಬಹಳಷ್ಟು ಡ್ರೈವರುಗಳು ವಿಂಡೋಸಿನ ಕರ್ನಲ್ ಎಂಬ ಒಳಮನೆಯಲ್ಲೇ ಓಡಾಡುತ್ತವೆ. ಅಲ್ಲಿ ಒಂದು ತಪ್ಪಾದರೂ ಪರದೆ ನೀಲಿಯಾಗಿ ಇಡೀ ಯಂತ್ರ ನಿಂತುಬಿಡುತ್ತದೆ. ಅದಕ್ಕೇ ಎಕ್ಸ್‌ಪಿಯ ನಂತರದ ವಿಂಡೋಸ್ ಆದ ವಿಸ್ಟಾದ 64 ಬಿಟ್ ಆವೃತ್ತಿ ಬಂದಾಗ ಸಹಿಯಿಲ್ಲದ ಡ್ರೈವರಿಗೆ ಒಳಮನೆಯ ಬಾಗಿಲು ಮುಚ್ಚಿತು.

ಈ ಸಹಿ ಪೆನ್ನಿನದ್ದಲ್ಲ. ಇಡೀ ಫೈಲನ್ನು ಲೆಕ್ಕ ಹಾಕಿ ‘ಹ್ಯಾಶ್’ ಎಂಬ ಪುಟ್ಟ ಸಂಖ್ಯೆ ತೆಗೆಯುತ್ತಾರೆ. ಅದಕ್ಕೆ ಕಂಪನಿಯ ಗುಟ್ಟಿನ ಕೀಲಿಯಿಂದ ಮುದ್ರೆ ಒತ್ತುತ್ತಾರೆ. ಆಮೇಲೆ ಯಾರಾದರೂ ಫೈಲಿನ ಒಂದೇ ಒಂದು ಅಕ್ಷರ ತಿದ್ದಿದರೂ ಲೆಕ್ಕ ತಾಳೆಯಾಗುವುದಿಲ್ಲ. ಮನೆಗೆ ಬಂದ ಗ್ಯಾಸ್ ಸಿಲಿಂಡರಿನ ಸೀಲ್ ನೋಡುತ್ತೇವಲ್ಲ, ಹಾಗೆ. ದಾರಿಯಲ್ಲಿ ಯಾರೂ ಬಿಚ್ಚಿಲ್ಲ ಎಂಬುದಷ್ಟೇ ಅದರಿಂದ ಗೊತ್ತಾಗುತ್ತದೆ. ತುಂಬಿದವನು ಸರಿಯಿದ್ದನೇ ಎಂಬುದು ಬೇರೆ ಮಾತು.

2010ರ ಜೂನ್‌ನಲ್ಲಿ ಬೆಲರೂಸ್‌ನ ಒಂದು ಸಣ್ಣ ಆಂಟಿವೈರಸ್ ಕಂಪನಿಯ ಕೈಗೆ ಸಿಕ್ಕಿಬಿದ್ದ ಸ್ಟಕ್ಸ್‌ನೆಟ್ ಆಟವಾಡಿದ್ದು ಇಲ್ಲೇ. ಇರಾನಿನ ನತಾಂಜ್ ಅಣುಘಟಕದಲ್ಲಿ ಯುರೇನಿಯಂ ಸಂಸ್ಕರಿಸುವ ಸೆಂಟ್ರಿಫ್ಯೂಜ್ ಯಂತ್ರಗಳನ್ನು ಕೆಡಿಸಲು ಹೊರಟ ವೈರಸ್ ಅದು. ಅದರ ಡ್ರೈವರುಗಳ ಮೇಲೆ ತೈವಾನಿನ ರಿಯಲ್‌ಟೆಕ್ ಸಹಿ ಇತ್ತು. ನಮ್ಮ ಕಂಪ್ಯೂಟರುಗಳ ಸೌಂಡ್ ಚಿಪ್ ಮಾಡುವ ಅದೇ ರಿಯಲ್‌ಟೆಕ್! ಸಹಿ ಖೋಟಾ ಅಲ್ಲ, ಅಸಲಿಯೇ. ಕಂಪನಿಯ ಗುಟ್ಟಿನ ಕೀಲಿಯನ್ನೇ ಯಾರೋ ಕದ್ದಿರಬೇಕು. ವಿಂಡೋಸ್ ಮರುಮಾತಿಲ್ಲದೆ ಒಳಗೆ ಬಿಟ್ಟಿತು. ಇಂಥ ಸಹಿಗಳಿಗೆ ಪ್ರಮಾಣಪತ್ರ ಕೊಡುತ್ತಿದ್ದ ವೆರಿಸೈನ್ ಕಂಪನಿ ಜುಲೈನಲ್ಲಿ ರಿಯಲ್‌ಟೆಕ್‌ನ ಆ ಪ್ರಮಾಣಪತ್ರ ರದ್ದು ಮಾಡಿತು. ಬೆನ್ನಿಗೇ ಇನ್ನೊಂದು ಡ್ರೈವರ್ ಪತ್ತೆಯಾಯಿತು. ಅದರ ಮೇಲೆ ಜೆಮೈಕ್ರಾನ್ ಎಂಬ ಇನ್ನೊಂದು ಚಿಪ್ ಕಂಪನಿಯ ಸಹಿ. ಎರಡೂ ಕಂಪನಿಗಳಿರುವುದು ತೈವಾನಿನ ಶಿಂಚು ನಗರದ ಒಂದೇ ವಿಜ್ಞಾನ ಪಾರ್ಕಿನಲ್ಲಿ. ನನಗಂತೂ ಇದು ಬರೀ ಕಾಕತಾಳೀಯ ಅನ್ನಿಸುವುದಿಲ್ಲ.

ಕಂಪನಿಗಳ ಕೈಯಲ್ಲಿ ಕೀಲಿ ಬಿಟ್ಟಿದ್ದು ಸಾಕೆನಿಸಿತೋ ಏನೋ, 2016ರ ವಿಂಡೋಸ್ 10 ಆವೃತ್ತಿಯಿಂದ ಹೊಸ ಕರ್ನಲ್ ಡ್ರೈವರುಗಳಿಗೆ ಮೈಕ್ರೋಸಾಫ್ಟ್ ತಾನೇ ಸಹಿ ಹಾಕತೊಡಗಿತು.

2021ರಲ್ಲಿ ‘ನೆಟ್‌ಫಿಲ್ಟರ್’ ಎಂಬ ದುಷ್ಟ ಡ್ರೈವರ್ ಸಿಕ್ಕಿತು. ಅದರ ಮೇಲೆ ಮೈಕ್ರೋಸಾಫ್ಟ್‌ನದ್ದೇ ಸಹಿ. ಈ ಸಲ ಕೀಲಿ ಕಳುವಾಗಿರಲಿಲ್ಲ. ಅದನ್ನು ಮಾಡಿದವರು ಎಲ್ಲರಂತೆ ಮೈಕ್ರೋಸಾಫ್ಟ್‌ಗೆ ಅರ್ಜಿ ಹಾಕಿ, ಸಹಿ ಮಾಡಿಸಿಕೊಂಡು ಹೋಗಿದ್ದರು.

ನಮಸ್ಕಾರ.