ನೀರು ಹೋಗುವ ದಾರಿ

ಶ್ರೋತೃಗಳಿಗೆ ವಂದನೆಗಳು.

ಮಂಡ್ಯ ಸೀಮೆಯಲ್ಲಿ ನಾನು ಕ್ರೈಸ್ತ ಸಭೆಯೊಂದರ ಪಾಲಕನಾಗಿದ್ದಾಗ ನಮ್ಮ ಸಭೆಯ ಹಿರಿಯರೊಬ್ಬರು ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಒಂದೂವರೆ ಎಕರೆ ಗದ್ದೆ ಮಾಡುತ್ತಿದ್ದರು. ನಾಲೆಗೆ ನೀರು ಬಿಟ್ಟ ದಿನಗಳಲ್ಲಿ ಅವರು ಸಂಜೆಯ ಪ್ರಾರ್ಥನೆ ಮುಗಿಸಿ, ಗುದ್ದಲಿಯನ್ನು ಹೆಗಲಿಗೇರಿಸಿ, ಬ್ಯಾಟರಿ ಹಿಡಿದು, ಬದುವಿನ ಮೇಲೆ ಒಂದು ಸುತ್ತು ಹಾಕಿ ಬಂದ ಮೇಲೆಯೇ ಊಟಕ್ಕೆ ಕೂರುತ್ತಿದ್ದರು. ಹೆಬ್ಬೆರಳಷ್ಟು ಅಗಲದ ಏಡಿಬಿಲವೊಂದು ಸಾಕು, ಬೆಳಗಾಗುವಷ್ಟರಲ್ಲಿ ಗದ್ದೆಯ ನೀರೆಲ್ಲ ಕೆಳಗಿನವರ ಪಾಲಾಗಿರುತ್ತದೆ. ಒಮ್ಮೆ ಅವರೊಂದಿಗೆ ನಾನೂ ಹೋಗಿದ್ದೆ. ಬಿಲಕ್ಕೆ ಕೆಸರು ಮೆತ್ತಿ ತುಳಿಯುತ್ತ ಅವರು ಹೇಳಿದರು: “ಅಯ್ನೋರೆ, ನೀರು ಯಾವಾಗ ಬತ್ತದೆ ಅಂತ ಎಲ್ರೂ ಕೇಳ್ತಾರೆ, ಎಲ್ಲಿಂದ ಹೊಂಟೋಯ್ತದೆ ಅಂತ ಯಾರೂ ಕೇಳಾಕಿಲ್ಲ.”

ಆ ಮಾತು ನನಗೆ ತಾಗಿದ್ದಕ್ಕೆ ಕಾರಣವಿತ್ತು. ಅದು ಲೆಂಟ್ ಕಾಲ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು. ಸಂಜೆಯಾದರೆ ಒಂದಲ್ಲ ಒಂದು ಮನೆಯಲ್ಲಿ ಪ್ರಾರ್ಥನೆ, ಭಾನುವಾರ ಎರಡು ಕಡೆ ಆರಾಧನೆ, ನಡುವೆ ರೋಗಿಗಳ ಭೇಟಿ. ಹಿಂದಿನ ರಾತ್ರಿ ತಾನೇ ನಾನು ಒಬ್ಬನೇ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದಾಗ ಒಂದು ಒಳ್ಳೆಯ ವಾಕ್ಯ ಹೊಳೆದು, ‘ಇದು ಭಾನುವಾರದ ಪ್ರಸಂಗಕ್ಕೆ ಸರಿಯಾಗಿದೆ’ ಎಂದು ಮನಸ್ಸು ಅದನ್ನು ಎತ್ತಿಟ್ಟುಕೊಂಡಿತ್ತು. ದೇವರ ಮುಂದೆ ಕೂತಿದ್ದವನು ನಾನಲ್ಲ, ನನ್ನ ಉದ್ಯೋಗ, ಎಂಬುದು ಆಗ ಅರಿವಾಯಿತು. ಬೈಬಲಿನ ಪರಮಗೀತದ ಮೊದಲನೆಯ ಅಧ್ಯಾಯದಲ್ಲಿ ಒಬ್ಬ ಹೆಣ್ಣುಮಗಳು, ನನ್ನನ್ನು ಬೇರೆ ದ್ರಾಕ್ಷಿತೋಟಗಳ ಕಾವಲಿಗೆ ಹಾಕಿದರು, ನನ್ನ ಸ್ವಂತ ತೋಟವನ್ನೇ ನಾನು ಕಾಯಲಿಲ್ಲ, ಎಂದು ಹೇಳಿಕೊಳ್ಳುತ್ತಾಳೆ. ಅದು ಪ್ರೇಮಗೀತೆಯ ಮಾತು ಎಂಬುದು ನನಗೆ ಗೊತ್ತು. ಆದರೂ ಸೇವೆಯಲ್ಲಿರುವವರು ತಮ್ಮ ಮೇಜಿನ ಮೇಲೆ ಬರೆದಿಟ್ಟುಕೊಳ್ಳಬೇಕಾದ ಮಾತು ಅದಕ್ಕಿಂತ ಬೇರೆ ನನಗೆ ಕಾಣುವುದಿಲ್ಲ.

ಅಪೊಸ್ತಲನಾದ ಪೌಲನು ತನ್ನ ಕಿರಿಯ ಜೊತೆಗಾರ ತಿಮೊಥೆಗೆ ಬರೆಯುವಾಗ, ಮೊದಲು ನಿನ್ನ ವಿಷಯದಲ್ಲಿ, ಆಮೇಲೆ ಉಪದೇಶದ ವಿಷಯದಲ್ಲಿ ಎಚ್ಚರಿಕೆಯಾಗಿರು ಎನ್ನುತ್ತಾನೆ. ಮಿಲೇತ ಪಟ್ಟಣದಲ್ಲಿ ಎಫೆಸದ ಸಭೆಯ ಹಿರಿಯರಿಂದ ಬೀಳ್ಕೊಳ್ಳುವಾಗಲೂ ಅದೇ ಕ್ರಮ: ಮೊದಲು ನೀವು, ಆಮೇಲೆ ಹಿಂಡು. ಬೋಧನೆಯನ್ನು ತಿದ್ದಲು ಸಭೆಯಿದೆ, ಗ್ರಂಥಗಳಿವೆ. ಬೋಧಕನ ಒಳಗನ್ನು ನೋಡಲು ಮಾತ್ರ ಅವನೇ ಬ್ಯಾಟರಿ ಹಿಡಿದು ಹೋಗಬೇಕಾಗುತ್ತದೆ.

ದೇವರ ಕರೆ ಎಂದರೆ ಬೋಧಕರಿಗಷ್ಟೇ ಸಂಬಂಧಿಸಿದ್ದೆಂದು ಯಾರೂ ತಿಳಿಯಬಾರದು. ಕೊಲೊಸ್ಸೆಯ ಸಭೆಗೆ ಬರೆದ ಪತ್ರದ ಕೊನೆಯಲ್ಲಿ ಪೌಲನು, ಕರ್ತನಿಂದ ಹೊಂದಿದ ಸೇವೆಯನ್ನು ನೆರವೇರಿಸುವಂತೆ ನೋಡಿಕೋ ಎಂದು ಅರ್ಖಿಪ್ಪನಿಗೆ ತಿಳಿಸಿರೆಂದು ಬರೆಯುತ್ತಾನೆ. ಆ ಸೇವೆ ಯಾವುದೆಂದು ಹೇಳುವುದಿಲ್ಲ. ಸಭೆಯೆಲ್ಲ ಕೂಡಿ ಕೇಳುವ ಪತ್ರದಲ್ಲಿ ತನ್ನ ಹೆಸರು ಬಂದಾಗ ಅರ್ಖಿಪ್ಪನ ಮುಖ ಹೇಗಿದ್ದಿರಬಹುದೆಂದು ನಾನು ಎಷ್ಟೋ ಸಲ ಊಹಿಸಿದ್ದೇನೆ. ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮಾಡುವ ನರ್ಸ್ ಆಗಲಿ, ತಾಲ್ಲೂಕು ಕಚೇರಿಯಲ್ಲಿ ಕಡತ ನೋಡುವ ಗುಮಾಸ್ತರಾಗಲಿ, ಆ ಜಾಗದಲ್ಲಿ ತಮ್ಮ ಹೆಸರನ್ನು ಇಟ್ಟು ಓದಿಕೊಳ್ಳಬಹುದು.

ಅದೇ ಪತ್ರದಲ್ಲಿ, ಕೆಲವೇ ಸಾಲುಗಳ ಹಿಂದೆ, ದೇಮನೆಂಬವನ ಹೆಸರಿದೆ. ಫಿಲೆಮೋನನಿಗೆ ಬರೆದ ಪತ್ರದಲ್ಲಿ ಅವನನ್ನು ಮಾರ್ಕ, ಅರಿಸ್ತಾರ್ಕ, ಲೂಕರೊಂದಿಗೆ ಜೊತೆಗೆಲಸದವನೆಂದು ಕರೆಯಲಾಗಿದೆ. ಕೊಲೊಸ್ಸೆಯವರ ಪತ್ರದಲ್ಲಿ ಲೂಕನಿಗೆ ‘ಪ್ರಿಯ ವೈದ್ಯ’ ಎಂಬ ವಿಶೇಷಣವಿದೆ, ದೇಮನಿಗೆ ಬರೀ ಹೆಸರು. ತಿಮೊಥೆಗೆ ಬರೆದ ಎರಡನೆಯ ಪತ್ರದಲ್ಲಾದರೋ, ದೇಮನು ಇಹಲೋಕವನ್ನು ಪ್ರೀತಿಸಿ ನನ್ನನ್ನು ಬಿಟ್ಟು ಥೆಸಲೋನಿಕಕ್ಕೆ ಹೋದನು ಎಂಬ ಒಂದೇ ಸಾಲು. ಕೆಲವು ಪ್ರಸಂಗಿಗಳು ಈ ಮೂರನ್ನು ಮೆಟ್ಟಿಲಿನಂತೆ ಜೋಡಿಸಿ, ಜೊತೆಗೆಲಸದವನು ಬರೀ ಹೆಸರಾಗಿ, ಆಮೇಲೆ ಓಡಿಹೋದವನಾದ ಎಂದು ವಿವರಿಸುವುದುಂಟು. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಮೊದಲೆರಡು ಪತ್ರಗಳು ಒಂದೇ ಹೊತ್ತಿನಲ್ಲಿ ಕಳುಹಿಸಿದವೆಂದು ತೋರುತ್ತದೆ. ಅವುಗಳ ನಡುವೆ ಇಳಿಜಾರನ್ನು ಹುಡುಕುವುದು ಸರಿಯಲ್ಲ. ಭಯವಾಗುವುದು ಬೇರೆಯದಕ್ಕೆ: ದೇಮನ ವಿಷಯದಲ್ಲಿ ಜಗಳವಾಗಲಿ, ಹಗರಣವಾಗಲಿ, ದುರ್ಬೋಧನೆಯಾಗಲಿ ದಾಖಲಾಗಿಲ್ಲ. ಒಂದು ಪತ್ರದಲ್ಲಿ ಇದ್ದಾನೆ, ಇನ್ನೊಂದರಲ್ಲಿ ಇಲ್ಲ. ನೀರು ರಾತ್ರಿಯ ಹೊತ್ತು ಹೋಗಿದೆ.

ಹಾಗಾದರೆ ಬದುವನ್ನು ನೋಡಿಕೊಳ್ಳುವುದು ಹೇಗೆ? ಯೇಸುಸಭೆಯ ಸ್ಥಾಪಕರಾದ ಇಗ್ನೇಷಿಯಸ್ ಲೊಯೋಲ ಅವರು ಹೇಳಿಕೊಟ್ಟ ವಿಧಾನ ಒಂದು ಲೆಕ್ಕದ ಪುಸ್ತಕದಂತಿದೆ. ಒಂದೇ ಒಂದು ದೋಷವನ್ನು ಆರಿಸಿಕೊಂಡು, ವಾರದ ಪ್ರತಿ ದಿನಕ್ಕೂ ಎರಡೆರಡು ಗೆರೆ ಎಳೆದು, ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ, ಎಡವಿದಷ್ಟು ಸಲ ಚುಕ್ಕೆಯಿಟ್ಟು, ನಿನ್ನೆಗೂ ಇಂದಿಗೂ ಹೋಲಿಸಿ ನೋಡುವುದು. ಮೆಥೊಡಿಸ್ಟ್ ಪಂಥಕ್ಕೆ ಮೂಲರಾದ ಜಾನ್ ವೆಸ್ಲಿಯವರು 1738ರ ಡಿಸೆಂಬರ್ 25ರಂದು ಚಿಕ್ಕ ಗುಂಪುಗಳಿಗಾಗಿ ರೂಪಿಸಿದ ನಿಯಮಗಳಲ್ಲಿ ಈ ಲೆಕ್ಕವನ್ನು ಒಬ್ಬನೇ ಇಟ್ಟುಕೊಳ್ಳುವುದಿಲ್ಲ. ವಾರಕ್ಕೊಮ್ಮೆ ಸೇರಿ, ಕಳೆದ ಸಲದಿಂದ ಈಚೆಗೆ ಏನು ತಪ್ಪಿದೆ, ಪಾಪಕ್ಕೆ ಎಳೆಯುವ ಯಾವ ಶೋಧನೆ ಎದುರಾಯಿತು, ಹೇಗೆ ಪಾರಾದೆ ಎಂದು ಒಬ್ಬರನ್ನೊಬ್ಬರು ನೇರವಾಗಿ ಕೇಳಬೇಕು. ವೆಸ್ಲಿಯವರ ಹೆಸರಿನ ದೇವಾಲಯ ನಮ್ಮ ಮೈಸೂರಿನಲ್ಲಿದೆ. ಅವರ ಈ ಪ್ರಶ್ನೆಗಳನ್ನು ಕೇಳಿಕೊಳ್ಳುವ ಪದ್ಧತಿ ಮಾತ್ರ ನಮ್ಮ ಮನೆಗಳಲ್ಲಿ ಅಪರೂಪ. ನಾನು ಲೊಯೋಲರ ಗೆರೆಗಳನ್ನು ಕೆಲವು ತಿಂಗಳು ಎಳೆದು ನೋಡಿದೆ. ಚುಕ್ಕೆ ಕಡಿಮೆಯಾದ ವಾರ ಜಂಬ ಬರುತ್ತಿತ್ತು. ಅದಕ್ಕೆ ಪುಸ್ತಕದಲ್ಲಿ ಗೆರೆ ಇರಲಿಲ್ಲ. ಕೊನೆಗೆ ನೆರವಾದದ್ದು ವಾರಕ್ಕೊಮ್ಮೆ ನನ್ನನ್ನು ಮುಲಾಜಿಲ್ಲದೆ ಪ್ರಶ್ನಿಸುತ್ತಿದ್ದ ಆ ಗದ್ದೆಯ ಹಿರಿಯರೇ.

ಅತಿಯಾದರೆ ಈ ಎಚ್ಚರವೂ ಕೆಡಕೇ. ಬಿಲ ಇದೆಯೋ ಏನೋ ಎಂದು ದಿನವೂ ಬದುವನ್ನು ಅಗೆಯುವವನ ಗದ್ದೆಯಲ್ಲಿಯೂ ನೀರು ನಿಲ್ಲುವುದಿಲ್ಲ. ತನ್ನನ್ನೇ ನೋಡಿಕೊಳ್ಳುತ್ತ ಕರೆದವನನ್ನು ಮರೆತ ಭಕ್ತರನ್ನೂ ನಾನು ಕಂಡಿದ್ದೇನೆ.

ದೇಮನು ಹೋದ ಸುದ್ದಿಯ ಮರುವಚನದಲ್ಲಿಯೇ ಪೌಲನು ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಸೇವೆಯಲ್ಲಿ ಉಪಯುಕ್ತನು, ಎಂದು ಬರೆಯುತ್ತಾನೆ. ಇದೇ ಮಾರ್ಕನು ಹಿಂದೊಮ್ಮೆ ಪಂಫುಲ್ಯ ಸೀಮೆಯಲ್ಲಿ ಪೌಲನನ್ನೂ ಅವನ ಜೊತೆಗಾರ ಬಾರ್ನಬನನ್ನೂ ಬಿಟ್ಟು ಹಿಂದಿರುಗಿದ್ದನು. ಅವನನ್ನು ಮತ್ತೆ ಕರೆದೊಯ್ಯುವ ವಿಷಯದಲ್ಲಿ ಪೌಲನಿಗೂ ಬಾರ್ನಬನಿಗೂ ತೀಕ್ಷ್ಣವಾದ ವಾಗ್ವಾದವಾಗಿ ಇಬ್ಬರೂ ಅಗಲಿದ್ದರು. ಅವನನ್ನೇ ಈಗ ಸೆರೆಯಲ್ಲಿರುವ ಪೌಲನು ಹೆಸರು ಹಿಡಿದು ಕೇಳುತ್ತಿದ್ದಾನೆ. ಅದರ ಹಿಂದೆಯೇ ತ್ರೋವದಲ್ಲಿ ಕರ್ಪನ ಬಳಿ ಬಿಟ್ಟುಬಂದ ಮೇಲಂಗಿಯನ್ನೂ ಪುಸ್ತಕಗಳನ್ನೂ, ಮುಖ್ಯವಾಗಿ ಚರ್ಮದ ಕಾಗದಗಳನ್ನೂ ತರಬೇಕೆಂದು ಹೇಳುತ್ತಾನೆ. ಓಟವನ್ನು ಮುಗಿಸಿದ್ದೇನೆ ಎಂದು ಅದೇ ಪುಟದಲ್ಲಿ ಬರೆದವನು, ಚಳಿಗಾಲಕ್ಕೆ ಮುಂಚೆಯೇ ಬಂದುಬಿಡು ಎನ್ನುತ್ತಾನೆ.

ನಮಸ್ಕಾರ.