ಕಿವಿಯಿಂದ ಕಲಿತ ಹಳಗನ್ನಡ

ಎಲ್ಲರಿಗೂ ಶರಣು.

ನಿಮ್ಮ ಓದು, ನೌಕರಿ, ಹವ್ಯಾಸ ಮೂರನ್ನೂ ಮಕ್ಕಳಿಗೆ ಹೇಳ್ರಿ ಸರ್ ಅಂತ ನಿಮ್ಮ ವಿಭಾಗದವರು ಕರೆದಿದ್ದಾರೆ. ಓದಿನ ಕಥೆ ಬೇಗ ಮುಗಿಯುತ್ತದೆ. ಕುಕನೂರು ಕಡೆಯ ಹಳ್ಳಿ, ಸರಕಾರಿ ಶಾಲೆ, ಕೊಪ್ಪಳದಲ್ಲಿ ಬಿ.ಎ., ಗುಲ್ಬರ್ಗ ವಿಶ್ವವಿದ್ಯಾಲಯದಲ್ಲಿ ಎಂ.ಎ. ಕನ್ನಡ. ಕೊಪ್ಪಳ ಆಗ ರಾಯಚೂರು ಜಿಲ್ಲೆಯಲ್ಲೇ ಇತ್ತು. ಬೇರೆ ಜಿಲ್ಲೆ ಆದದ್ದು 1997ರಲ್ಲಿ.

ಬಿ.ಎ.ಯಲ್ಲಿ ನಮಗೆ ಹಳಗನ್ನಡ ಅಂದರೆ ಗೈಡು. ಪದ್ಯದ ಕಡೆ ಕಣ್ಣೂ ಹಾಯಿಸದೆ ಸಾರಾಂಶ ಉರು ಹೊಡೆದು ಪಾಸಾದವರು ನಾವು. ನೀವೂ ಅಷ್ಟೇ ಅಲ್ವಾ? ನಗಬೇಡಿ, ನಿಮ್ಮ ಮುಖ ನೋಡಿದರೇ ಗೊತ್ತಾಗುತ್ತದೆ. ಎಂ.ಎ.ಗೆ ಹೋದಾಗ ನಮ್ಮ ಗುರುಗಳು ಪುಸ್ತಕ ಮುಚ್ಚಿಟ್ಟು ರನ್ನ ಕವಿಯ ಗದಾಯುದ್ಧ ಕಾವ್ಯದ ಈ ಕಂದವನ್ನು, ಅಂದರೆ ನಾಲ್ಕು ಸಾಲಿನ ಪದ್ಯವನ್ನು ಹೇಳಿದರು:

ಆ ರವಮಂ ನಿರ್ಜಿತಕಂ
ಠೀರವರವಮಂ ನಿರಸ್ತಘನರವಮಂ ಕೋ
ಪಾರುಣನೇತ್ರಂ ಕೇಳ್ದಾ
ನೀರೊಳಗಿರ್ದುಂ ಬೆಮರ್ತನುರಗಪತಾಕಂ

ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ. ದಡದಲ್ಲಿ ಭೀಮ ಅಬ್ಬರಿಸುತ್ತಾನೆ. ಸಿಂಹದ ಗರ್ಜನೆ, ಗುಡುಗು ಎರಡನ್ನೂ ಮೀರಿಸಿದ ಆ ಕೂಗು ಕೇಳಿ ಇವನು ನೀರಿನೊಳಗಿದ್ದರೂ ಬೆವರುತ್ತಾನೆ. ಇಷ್ಟು ಗೈಡಿನಲ್ಲೂ ಇದೆ. ಆದರೆ ಜೋರಾಗಿ ಓದಿ ನೋಡಿ. ರವಮಂ, ರವರವಮಂ, ಘನರವಮಂ ಅಂತ ಅದೇ ಸದ್ದು ಮೂರು ಸಲ ಬಂದು ಕಿವಿಗೆ ಅಪ್ಪಳಿಸುತ್ತದೆ. ಭೀಮ ಕೂಗಿದ ಅಂತ ರನ್ನ ಬರೀ ಹೇಳಿ ಬಿಡುವುದಿಲ್ಲ, ಕೂಗಿಸಿಯೇ ಬಿಡುತ್ತಾನೆ.

ಇನ್ನೊಂದು ಗಮನಿಸಿ. ಕಂಠೀರವ ಎಂಬ ಮಾತು ಸಾಲಿನ ಕೊನೆಗೆ ಮುರಿದಿದೆ. ಕೋಪ ಕೂಡ ಹಾಗೇ ಮುರಿದಿದೆ. ಕಣ್ಣಿನಲ್ಲಿ ಓದುವ ಹುಡುಗ ಎಡವುವುದು ಅಲ್ಲೇ. ಕಂದ ಅಂದರೆ ನಾಲ್ಕು ನಾಲ್ಕು ಮಾತ್ರೆಯ ಗುಂಪುಗಳು, ಅವೇ ಗಣ. ಹ್ರಸ್ವ ಅಕ್ಷರ ಒಂದು ಮಾತ್ರೆ, ದೀರ್ಘ ಎರಡು; ಒತ್ತಕ್ಷರದ ಹಿಂದಿನದೂ, ಸೊನ್ನೆ ಇರುವುದೂ ಎರಡೇ. ಸಾಲಿಗೆ 12, 20, ಮತ್ತೆ 12, 20 ಮಾತ್ರೆ. ನಾಲ್ಕು ನಾಲ್ಕಕ್ಕೆ ಚಪ್ಪಾಳೆ ಹೊಡೆಯುತ್ತ ಓದಿದರೆ ಮುರಿದ ಮಾತು ತಾನೇ ಕೂಡಿಕೊಳ್ಳುತ್ತದೆ. ಪ್ರತಿ ಸಾಲಿನ ಎರಡನೇ ಅಕ್ಷರ ರಕಾರ, ಅದು ದಾರಿ ತಪ್ಪಲು ಬಿಡುವುದಿಲ್ಲ. ನನ್ನನ್ನು ಕೇಳಿದರೆ ಮೊದಲ ಒಂದು ತಿಂಗಳು ಕ್ಲಾಸಿನಲ್ಲಿ ಅರ್ಥವನ್ನೇ ಹೇಳಬಾರದು. ಬರೀ ಜೋರಾಗಿ ಓದಿಸಬೇಕು. ಪರೀಕ್ಷೆಯಲ್ಲಿ ಸಾರಾಂಶ ಬರೆಯಿರಿ ಅಂತ ಕೇಳುವವರೆಗೂ ಗೈಡಿನ ಅಂಗಡಿ ನಡೆಯುತ್ತಲೇ ಇರುತ್ತದೆ.

ನೌಕರಿ ಸುಲಭಕ್ಕೆ ಸಿಗಲಿಲ್ಲ. ಬಹಳ ವರ್ಷ ಅತಿಥಿ ಉಪನ್ಯಾಸಕ. ಹೆಸರಿಗೆ ಅತಿಥಿ, ಸಂಬಳ ಮಾತ್ರ ನಾಲ್ಕು ತಿಂಗಳಿಗೊಮ್ಮೆ. ಅದನ್ನು ಇಲ್ಲಿ ಜಾಸ್ತಿ ಎಳೆಯುವುದಿಲ್ಲ. ಕಾಯಂ ಆಗಿ ಗಂಗಾವತಿಗೆ ಹೋದ ಮೇಲಿನ ಒಂದು ಸಂಗತಿ ಹೇಳಬೇಕು. ತುಂಗಭದ್ರಾ ಕಾಲುವೆ ಬಂದಾಗ ಆಂಧ್ರದಿಂದ ಬಂದು ಭತ್ತ ಬೆಳೆದವರ ಊರುಗಳು ಆ ಕಡೆ ತುಂಬಾ ಇವೆ, ಅವಕ್ಕೆ ಕ್ಯಾಂಪ್ ಅಂತಲೇ ಹೆಸರು. ಮನೆಯಲ್ಲಿ ತೆಲುಗು ಆಡುವ ಈ ಮಕ್ಕಳಿಗೆ ಹಳಗನ್ನಡ ಕಷ್ಟವಾಗಬಹುದು ಅಂತ ಎಲ್ಲರೂ ಹೇಳುತ್ತಿದ್ದರು. ಆದರೆ ಕಂದವನ್ನು ಮೊದಲು ಹಿಡಿದದ್ದೇ ಕ್ಯಾಂಪಿನ ಒಬ್ಬ ಹುಡುಗಿ. ಅವಳ ತಾತ ನಾಟಕದ ಪದ್ಯ ಹಾಡುತ್ತಿದ್ದನಂತೆ. ತೆಲುಗಿನಲ್ಲೂ ಕಂದ ಇದೆ, ಎರಡನೇ ಅಕ್ಷರದ ಪ್ರಾಸವೂ ಇದೆ. ಅರ್ಥ ಗೊತ್ತಾಗುವ ಮೊದಲೇ ಅವಳು ಒಂದು ಸಾಲೂ ತಪ್ಪದೆ ಓದಿದಳು. ನಮ್ಮ ಕನ್ನಡದ ಹುಡುಗರು ಬಾಯಿ ಬಿಟ್ಟು ಕೇಳಿದರು.

ಹವ್ಯಾಸ ಎರಡೇ. ಒಂದು ಬಯಲಾಟ. ರಾತ್ರಿಯೆಲ್ಲ ಕೂತು ನೋಡುತ್ತೇನೆ, ಮನೆಯವರ ಬೈಗುಳ ಬೇರೆ. ರಂಗದ ಮೇಲೆ ಪಾತ್ರಗಳನ್ನು ಮಾತಾಡಿಸುವ ಸಾರಥಿ ನೀನು ಯಾರು ಅಂತ ಕೇಳಿದಾಗ ಪಾತ್ರಧಾರಿ ತನ್ನ ಪರಾಕ್ರಮ ಹೇಳಿಕೊಳ್ಳುವ ಠೀವಿ ನೋಡಿದವನಿಗೆ ರನ್ನನ ದುರ್ಯೋಧನ ಹೊಸಬ ಅನ್ನಿಸುವುದಿಲ್ಲ.

ಎರಡನೆಯದು ಶಾಸನ. ಇಟಗಿಯ ಮಹಾದೇವ ದೇವಾಲಯ ನೀವು ನೋಡಿದ್ದೀರಿ. 1112ರ ಶಾಸನ ಅದನ್ನು ದೇವಾಲಯ ಚಕ್ರವರ್ತಿ ಅಂತ ಹೊಗಳುತ್ತದೆ. ನನಗೆ ಅದಕ್ಕಿಂತ ಇಷ್ಟ ನಮ್ಮ ಕೊಪ್ಪಳದ ಪಾಲ್ಕಿಗುಂಡು ಗುಡ್ಡ. ಅಲ್ಲಿ ಅಶೋಕನ ಶಾಸನ ಇದೆ ಅಂತ ಎಲ್ಲರಿಗೂ ಗೊತ್ತು. ಅದೇ ಗುಡ್ಡದಲ್ಲಿ ಬಂಡೆಯ ಮೇಲೆ ಎರಡು ಪಾದ ಕೆತ್ತಿದ್ದಾರೆ. ಕೆಳಗೆ ಹಳಗನ್ನಡದಲ್ಲಿ ಚಿಕ್ಕ ಬರಹ: ಜಟಾಸಿಂಗನಂದಿ ಆಚಾರ್ಯರ ಪಾದವನ್ನು ಚಾವಯ್ಯ ಮಾಡಿಸಿದ. ಈ ಜೈನ ಆಚಾರ್ಯರು ವರಾಂಗಚರಿತೆ ಎಂಬ ಕಾವ್ಯ ಬರೆದದ್ದು ಸಂಸ್ಕೃತದಲ್ಲಿ. ಅವರ ಮೇಲೆ ಭಕ್ತಿ ಇದ್ದ ಚಾವಯ್ಯ ಮಾತ್ರ ತನ್ನ ಮಾತನ್ನು ಕನ್ನಡದಲ್ಲೇ ಕೆತ್ತಿಸಿದ. ಕವಿರಾಜಮಾರ್ಗ ಕನ್ನಡದ ತಿರುಳಿರುವ ನಾಡನ್ನು ಗುರುತಿಸುವಾಗ ಕೊಪಣವನ್ನೂ, ಅಂದರೆ ನಮ್ಮ ಕೊಪ್ಪಳವನ್ನೂ ಹೆಸರಿಸುತ್ತದೆ. ಅದು ಸುಮ್ನೆ ಬಂದ ಹೆಸರಲ್ಲ.

ನೋಡಲು ಹೋಗುವವರು ಬೆಳಿಗ್ಗೆ ಬೇಗ ಹೋಗಿ. ಓರೆ ಬಿಸಿಲು ಬಿದ್ದಾಗಲೇ ಅಕ್ಷರದ ಗೀರು ಎದ್ದು ಕಾಣುವುದು. ನೆತ್ತಿಯ ಮೇಲೆ ಸೂರ್ಯ ಬಂದರೆ ಬಂಡೆ ಬಿಟ್ಟು ಏನೂ ಕಾಣುವುದಿಲ್ಲ. ಫೋಟೋ ಚೆನ್ನಾಗಿ ಬರಲಿ ಅಂತ ಸೀಮೆಸುಣ್ಣ ತಿಕ್ಕಬೇಡಿ, ದಯವಿಟ್ಟು. ಕೈಯಲ್ಲಿ ನೀರಿನ ಬಾಟಲಿ ಇರಲಿ. ಈಗ ಪ್ರಶ್ನೆ ಇದ್ದವರು ಕೇಳಿ.