ಲಮಲೆರಾ: ಭರ್ಜಿ ಮತ್ತು ಬುಟ್ಟಿ

ಕೇಳುಗರೆಲ್ಲರಿಗೂ ನಮಸ್ಕಾರ.

ಇಂಡೋನೇಷ್ಯಾ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಬಾಲಿ. ಸ್ವಲ್ಪ ಇತಿಹಾಸ ಓದಿದವರಾದರೆ ಜಾವಾದ ಬೊರೊಬುದೂರ್ ಸ್ತೂಪ. ಬಾಲಿಯಿಂದ ಪೂರ್ವಕ್ಕೆ ಹೊರಟು ಲೊಂಬೊಕ್, ಸುಂಬಾವಾ, ಫ್ಲೋರೆಸ್ ದ್ವೀಪಗಳನ್ನು ಒಂದೊಂದಾಗಿ ದಾಟಿದರೆ ಲೆಂಬಾಟಾ ಎಂಬ ಪುಟ್ಟ ದ್ವೀಪ ಸಿಗುತ್ತದೆ. ಪ್ರವಾಸಿಗರ ಹಡಗುಗಳು ಅಷ್ಟು ದೂರ ಬರುವುದು ಅಪರೂಪ. ಲೆವೊಲೆಬಾ ಅಲ್ಲಿನ ಮುಖ್ಯ ಪಟ್ಟಣ. ಅಲ್ಲಿಂದ ಗುಡ್ಡಗಳ ನಡುವಿನ ಒರಟು ರಸ್ತೆಯಲ್ಲಿ ಸಾಗಿ ದಕ್ಷಿಣದ ಕರಾವಳಿಗೆ ಇಳಿದರೆ, ಸಾವು ಸಮುದ್ರಕ್ಕೆ ಮುಖಮಾಡಿ ಬಂಡೆಗಳಿಗೆ ಅಂಟಿಕೊಂಡಂತೆ ಕುಳಿತಿರುವ ಊರು ಲಮಲೆರಾ. ಹೆಸರು ಕೇಳಿ ‘ಸಾವು’ ಎಂದು ಬೆಚ್ಚಬೇಡಿ, ಆ ಸಮುದ್ರಕ್ಕೆ ಹೆಸರು ಬಂದದ್ದು ಸಾವು ಎಂಬ ದ್ವೀಪದಿಂದ.

ಹೊರಜಗತ್ತಿಗೆ ಈ ಊರು ಗೊತ್ತಿದ್ದರೆ ಅದು ಒಂದೇ ಒಂದು ಚಿತ್ರದಿಂದ. ದೋಣಿಯ ಮೂತಿಯಿಂದ ಮುಂದಕ್ಕೆ ಚಾಚಿದ ಬಿದಿರಿನ ಅಟ್ಟ, ಅದರ ತುದಿಯಿಂದ ಉದ್ದದ ಭರ್ಜಿ ಹಿಡಿದು ಗಾಳಿಗೆ ಹಾರಿದ ಮನುಷ್ಯ, ಕೆಳಗೆ ಸ್ಪರ್ಮ್ ತಿಮಿಂಗಿಲದ ಕಪ್ಪು ಬೆನ್ನು. ಆ ಭರ್ಜಿಗಾರನನ್ನು ಅಲ್ಲಿ ಲಮಫಾ ಎನ್ನುತ್ತಾರೆ. ಕೈಯ ಬಲ ಸಾಲದೆಂದು ಅವನು ಇಡೀ ಮೈಯ ಭಾರವನ್ನೇ ಭರ್ಜಿಯ ಮೇಲೆ ಹಾಕಿ ಧುಮುಕುತ್ತಾನೆ. ನೋಡಿದವರ ಎದೆ ಝಲ್ಲೆನ್ನುವ ದೃಶ್ಯ, ಒಪ್ಪೋಣ. ಆದರೆ ಛಾಯಾಗ್ರಾಹಕರು ಗುಂಪುಗುಂಪಾಗಿ ಬಂದು ಅದನ್ನೇ ಸೆರೆಹಿಡಿದು ಹೋದದ್ದರಿಂದ ಊರಿನ ಅರ್ಧ ಬದುಕು ಚೌಕಟ್ಟಿನ ಹೊರಗೇ ಉಳಿಯಿತು. ನನಗೆ ಇಂದು ಮಾತನಾಡಬೇಕಿರುವುದು ಆ ಇನ್ನರ್ಧದ ಬಗ್ಗೆ.

ಮೊದಲು ನೆಲದ ವಿಷಯ. ಲಮಲೆರಾದಲ್ಲಿ ಬೇಸಾಯ ಮಾಡಲು ಭೂಮಿ ಇಲ್ಲವೆಂದೇ ಹೇಳಬೇಕು. ಇಲ್ಲಿನವರು ವಲಸೆ ಬಂದವರ ಸಂತತಿ. ಪೂರ್ವದ ಲೆಪನ್ ಬಟನ್ ಎಂಬ ದ್ವೀಪವನ್ನು ಸಮುದ್ರ ನುಂಗಿದಾಗ ಹಿರಿಯರು ಅಲ್ಲಿಂದ ಹೊರಟರು ಎಂಬುದು ಅವರ ಪರಂಪರೆಯ ಕಥೆ. ಬಂದವರಿಗೆ ದಕ್ಕಿದ್ದು ಜ್ವಾಲಾಮುಖಿಯ ಕಲ್ಲು ತುಂಬಿದ ಇಳಿಜಾರು. ಒಳನಾಡಿನ ಗುಡ್ಡದ ಹಳ್ಳಿಗಳಲ್ಲಿ ಮುಸುಕಿನ ಜೋಳ, ಮರಗೆಣಸು, ಬಾಳೆ ಬೆಳೆಯುತ್ತವೆ, ಆದರೆ ಅಲ್ಲಿನವರಿಗೆ ಮೀನಿಲ್ಲ. ಸಮುದ್ರದ ಅಂಚಿನವರಿಗೆ ಮಾಂಸವಿದೆ, ಕಾಳಿಲ್ಲ. ಈ ಎರಡು ಕೊರತೆಗಳ ನಡುವಿನ ದಾರಿಯನ್ನು ತಲೆಯ ಮೇಲೆ ಬುಟ್ಟಿ ಹೊತ್ತು ನಡೆದವರು ಹೆಂಗಸರು.

ಬೇಟೆಯ ಕಾಲ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ. ಊರು ಕ್ಯಾಥೊಲಿಕ್ ಮತಕ್ಕೆ ಸೇರಿದ್ದು. ಇಲ್ಲಿನ ಮಕ್ಕಳಿಗೆ ಮೊದಲ ಜ್ಞಾನಸ್ನಾನವಾದದ್ದು 1886ರಲ್ಲಿ. ಆದ್ದರಿಂದ ಋತುವಿನ ಆರಂಭಕ್ಕೆ ಕಡಲತೀರದಲ್ಲೇ ಪೂಜೆ ನಡೆಯುತ್ತದೆ, ಜೊತೆಗೆ ಹಿರಿಯರ ಕಾಲದ ಕಟ್ಟಳೆಗಳೂ ನಡೆಯುತ್ತವೆ. ಎರಡರ ನಡುವೆ ಜಗಳವಿದ್ದಂತೆ ಕಾಣುವುದಿಲ್ಲ. ದೋಣಿಗೆ ತೆನಾ ಎಂದು ಹೆಸರು. ಕಬ್ಬಿಣದ ಮೊಳೆ ಬಳಸದೆ, ಮರದ ಗೂಟ ಮತ್ತು ನಾರಿನ ಕಟ್ಟಿನಿಂದ ಹಲಗೆಗಳನ್ನು ಬಿಗಿಯುತ್ತಾರೆ. ಹಿಂದೆ ಹಾಯಿಯನ್ನೂ ತಾಳೆಯ ಜಾತಿಯ ಗರಿಯಿಂದಲೇ ಹೆಣೆಯುತ್ತಿದ್ದರು. ಈಗ ಹೊರಗಿನಿಂದ ಕಟ್ಟುವ ಎಂಜಿನ್ ಬಂದಿದೆ. ಎಂಜಿನ್ ಇರುವ ದೋಣಿಯನ್ನು ಅದರ ಕಂಪನಿಯ ಹೆಸರಿನಿಂದ ‘ಜಾನ್ಸನ್’ ಎಂದೇ ಕರೆಯುತ್ತಾರೆ. ತಿಮಿಂಗಿಲ ಕಂಡಾಗ ಜಾನ್ಸನ್ ದೋಣಿ ತೆನಾವನ್ನು ಅಲ್ಲಿಯವರೆಗೆ ಎಳೆದೊಯ್ಯುತ್ತದೆ.

ಅಪಾಯ ಸಣ್ಣದಲ್ಲ. 1994ರಲ್ಲಿ ಭರ್ಜಿ ನೆಟ್ಟ ತಿಮಿಂಗಿಲವೊಂದು ದೋಣಿಗಳನ್ನು ತಿಮೋರ್ ದಿಕ್ಕಿಗೆ ಎಳೆದೊಯ್ದಿತು. ದಿನಗಟ್ಟಲೆ ತೇಲಿದ ಜನರನ್ನು ಕೊನೆಗೆ ಎತ್ತಿಕೊಂಡದ್ದು ದಾರಿಯಲ್ಲಿ ಸಿಕ್ಕ ಪ್ರವಾಸಿ ಹಡಗು.

ತಿಮಿಂಗಿಲ ದಡ ಸೇರಿದ ಮೇಲೆ ಕತ್ತಿ ಹಿಡಿದು ಬಂದವರು ಬಂದಂತೆ ಕೊಯ್ದುಕೊಳ್ಳುವ ಹಾಗಿಲ್ಲ. ದೋಣಿ ಒಬ್ಬನ ಆಸ್ತಿಯಲ್ಲ, ಕುಲದ ಪಾಲುದಾರರ ಆಸ್ತಿ. ಪ್ರಾಣಿಯ ಯಾವ ಭಾಗ ಯಾರಿಗೆ ಎಂಬುದು ಮೊದಲೇ ಗೊತ್ತು. ದೋಣಿಯ ಪಾಲುದಾರರಿಗೆ ಇಷ್ಟು, ಹುಟ್ಟು ಹಾಕಿದವರಿಗೆ ಇಷ್ಟು, ಲಮಫಾನಿಗೆ ಇಷ್ಟು, ದೋಣಿ ಕಟ್ಟಿದ ಬಡಗಿಗೆ, ಭರ್ಜಿಯ ಅಲಗು ಬಡಿದ ಕಮ್ಮಾರನಿಗೆ, ಹಾಯಿ ಹೆಣೆದವರಿಗೆ. ಇವರಿಗಿಂತ ಮೊದಲೇ ಅಲ್ಲಿದ್ದ ನೆಲದ ಒಡೆಯರ ಕುಲಗಳಿಗೆ ತಲೆಯ ಒಂದು ಭಾಗ ಇಂದಿಗೂ ಸಲ್ಲುತ್ತದೆ. ಹೀಗೆ ಮನೆಗೆ ಬಂದ ಪಾಲು ಅಲ್ಲಿಗೇ ನಿಲ್ಲುವುದಿಲ್ಲ. ನೆಂಟರಿಗೆ, ನೆರೆಯವರಿಗೆ, ಗಂಡಸು ದಿಕ್ಕಿಲ್ಲದ ವಿಧವೆಯ ಮನೆಗೆ ಮತ್ತೆ ಹಂಚಿಹೋಗುತ್ತದೆ. ಉಳಿದದ್ದನ್ನು ಪಟ್ಟಿಪಟ್ಟಿಯಾಗಿ ಸೀಳಿ ಬಿದಿರಿನ ಮೇಲೆ ತೂಗುಹಾಕಿ ಬಿಸಿಲಿಗೆ ಒಣಗಿಸುತ್ತಾರೆ. ಎಣ್ಣೆ ತೊಟ್ಟಿಕ್ಕುತ್ತಿರುತ್ತದೆ. ಊರಿಗೆಲ್ಲ ಅದೇ ವಾಸನೆ.

ಇಲ್ಲಿಂದ ಬುಟ್ಟಿಯ ಕಥೆ. ಒಣಗಿದ ಪಟ್ಟಿಗಳನ್ನು ತುಂಬಿಕೊಂಡು ಹೆಂಗಸರು ನಸುಕಿಗೇ ಗುಡ್ಡ ಹತ್ತುತ್ತಾರೆ. ಮಾಂಸದ ಜೊತೆ ಮೀನು, ತೊರಕೆ, ಉಪ್ಪು, ಹವಳ ಸುಟ್ಟು ಮಾಡಿದ ಸುಣ್ಣ. ಗುಡ್ಡದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಬದಲಿಸಿಕೊಳ್ಳುವುದು ಒಂದು ಬಗೆ. ಪಕ್ಕದ ಊರು ವುಲಂದೋನಿಯಲ್ಲಿ ಶನಿವಾರ ಕೂಡುವ ಸಂತೆ ಇನ್ನೊಂದು. ಈ ಸಂತೆ ನನಗೆ ತುಂಬ ಹಿಡಿಸಿದ್ದು ಅದರ ಶಿಸ್ತಿನಿಂದ. ಗುಡ್ಡದವರೂ ಕಡಲಿನವರೂ ಸರಕು ಹರಡಿಕೊಂಡು ಕುಳಿತಿದ್ದರೂ ಯಾರೂ ಕೈ ಹಾಕುವಂತಿಲ್ಲ. ಸಂತೆಯ ಅಧಿಕಾರಿ ಬಂದು ಸುಂಕ ಎತ್ತುತ್ತಾನೆ. ಸುಂಕವೂ ಸರಕಿನ ರೂಪದಲ್ಲೇ. ಆಮೇಲೆ ಅವನು ಸೀಟಿ ಊದಬೇಕು. ಊದಿದ ಕ್ಷಣ ಗದ್ದಲವೋ ಗದ್ದಲ.

ಎಣಿಕೆಯ ಅಳತೆ ಮುಂಗ. ಒಂದು ಮುಂಗ ಎಂದರೆ ಆರು. ಆಕ್ಸ್‌ಫರ್ಡ್‌ನ ಮಾನವಶಾಸ್ತ್ರಜ್ಞ ಆರ್. ಎಚ್. ಬಾರ್ನ್ಸ್ 1970ರ ದಶಕದ ಕೊನೆಯಿಂದ ಇಲ್ಲಿಗೆ ಬಂದು ಊರನ್ನು ಅಧ್ಯಯನ ಮಾಡಿದವರು. ಅವರು ದಾಖಲಿಸಿರುವ ದರ ಹೀಗಿದೆ: ಒಣಮಾಂಸದ ಒಂದು ಪಟ್ಟಿಗೆ ಹನ್ನೆರಡು ಮುಸುಕಿನ ಜೋಳದ ತೆನೆ, ಅಥವಾ ಹನ್ನೆರಡು ಬಾಳೆಹಣ್ಣು, ಅಥವಾ ಹನ್ನೆರಡು ತುಂಡು ಕಬ್ಬು. ಬೇಕಾದರೆ ಹನ್ನೆರಡು ಅಡಿಕೆ ಮತ್ತು ಹನ್ನೆರಡು ವೀಳ್ಯದ ಕಾಯಿ. ಹೌದು, ಕಾಯಿಯೇ. ಆ ಕಡೆಯ ದ್ವೀಪಗಳಲ್ಲಿ ಎಲೆಗಿಂತ ವೀಳ್ಯದ ಬಳ್ಳಿಯ ಕಾಯಿಯನ್ನೇ ಅಡಿಕೆಯ ಜೊತೆ ಜಗಿಯುತ್ತಾರೆ. ಮಲೆನಾಡಿನ ಕೇಳುಗರು ಮೂಗು ಮುರಿಯಬಹುದು, ಅದು ಅವರವರ ಬಾಯಿ.

ಈ ಊರಿನಲ್ಲಿ ಒಂದು ಕುತೂಹಲದ ಪ್ರಯೋಗವೂ ನಡೆದಿದೆ. ಇಬ್ಬರಲ್ಲಿ ಒಬ್ಬರಿಗೆ ಒಂದು ಮೊತ್ತ ಕೊಟ್ಟು, ಇನ್ನೊಬ್ಬರಿಗೆ ಇಷ್ಟಬಂದಷ್ಟು ಹಂಚು ಎನ್ನುವುದು. ಎದುರಿನವರು ಒಪ್ಪದಿದ್ದರೆ ಇಬ್ಬರಿಗೂ ಸೊನ್ನೆ. ಪ್ರಪಂಚದ ಹದಿನೈದು ಸಣ್ಣ ಸಮುದಾಯಗಳಲ್ಲಿ ಈ ಆಟವಾಡಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಲಮಲೆರಾದಲ್ಲಿ ಆಡಿಸಿದವರು ಮೈಕೆಲ್ ಅಲ್ವಾರ್ಡ್. ಹಣ ಇಟ್ಟರೆ ಜೂಜಿನಂತೆ ಕಾಣುತ್ತದೆಂದು ಅವರು ಸಿಗರೇಟು ಪ್ಯಾಕುಗಳನ್ನು ಬಳಸಿದರು. ಪೆರುವಿನ ಮಚಿಗೆಂಗಾ ಜನ ಸರಾಸರಿ ಕಾಲು ಭಾಗದಷ್ಟನ್ನು ಕೊಟ್ಟರೆ, ಲಮಲೆರಾದವರು ಅರ್ಧವನ್ನೂ ಮೀರಿ ಸುಮಾರು ಶೇಕಡಾ 57 ಕೊಟ್ಟರು. ಹದಿನೈದರಲ್ಲೂ ಇದೇ ಹೆಚ್ಚು. ಒಬ್ಬನೇ ತಿಮಿಂಗಿಲ ಹಿಡಿಯಲಾಗದು, ಆದ್ದರಿಂದ ಹಂಚುವ ಗುಣ ಬೆಳೆಯಿತು ಎಂಬುದು ವಿದ್ವಾಂಸರ ವಿವರಣೆ. ಸರಿಯೇ ಇರಬಹುದು. ಆದರೆ ತಿಮಿಂಗಿಲ ಸಿಗುವುದು ವರ್ಷದಲ್ಲಿ ಕೆಲವೇ ದಿನ. ಗುಡ್ಡದವರ ಜೊತೆ ಕೊಟ್ಟು ತೆಗೆದುಕೊಳ್ಳುವ ವ್ಯವಹಾರ ವಾರವಾರವೂ ಇದೆ. ಕೈ ಬಿಗಿಹಿಡಿದವರಿಗೆ ಮುಂದಿನ ಶನಿವಾರ ಜೋಳ ಹುಟ್ಟುವುದಿಲ್ಲ. ನನಗೆ ಕೇಳಿದರೆ ಶೇಕಡಾ 57ರಲ್ಲಿ ಬುಟ್ಟಿಯ ಪಾಲೂ ಇದೆ.

ಈ ಹೆಂಗಸರು ಹತ್ತಿಯ ನೂಲಿಗೆ ಗಂಟು ಕಟ್ಟಿ ಬಣ್ಣವೇರಿಸಿ ನೇಯುವ ಬಟ್ಟೆಗಳಲ್ಲಿ ದೋಣಿ, ತಿಮಿಂಗಿಲ, ತೊರಕೆ ಮೂಡುತ್ತವೆ. ಶತಮಾನಗಳ ಹಿಂದೆ ಹಡಗುಗಳು ತಂದ ಗುಜರಾತಿನ ಪಟೋಲಾ ರೇಷ್ಮೆಯ ವಿನ್ಯಾಸಗಳೂ ಈ ದ್ವೀಪದ ನೇಯ್ಗೆಯಲ್ಲಿ ಬೆರೆತಿವೆ. ಮದುವೆಯಲ್ಲಿ ಹೆಣ್ಣಿನ ಕಡೆಯವರು ಬಟ್ಟೆ ಕೊಡುತ್ತಾರೆ, ಗಂಡಿನ ಕಡೆಯವರು ಆನೆಯ ದಂತ ಕೊಡಬೇಕು. ಆನೆಯೇ ಇಲ್ಲದ ದ್ವೀಪದಲ್ಲಿ, ಹಿಂದೆಂದೋ ವ್ಯಾಪಾರಿಗಳು ತಂದ ಅದೇ ಹಳೆಯ ದಂತಗಳು ಮನೆಯಿಂದ ಮನೆಗೆ ಸುತ್ತುತ್ತವೆ.

ಬೇಟೆ ಸರಿಯೋ ತಪ್ಪೋ ಎಂಬ ವಾದ ದೊಡ್ಡದು. ಇಂಡೋನೇಷ್ಯಾದ ಕಾನೂನಿನಲ್ಲಿ ತಿಮಿಂಗಿಲ ರಕ್ಷಿತ ಪ್ರಾಣಿ, ಆದರೂ ಲಮಲೆರಾದ ಬೇಟೆ ನಡೆದುಕೊಂಡು ಬಂದಿದೆ. 2009ರ ಸುಮಾರಿಗೆ ಸಾವು ಸಮುದ್ರವನ್ನು ಸಂರಕ್ಷಿತ ಪ್ರದೇಶವನ್ನಾಗಿಸುವ ಯೋಜನೆ ಬಂದಾಗ ಊರಿನವರು ಪ್ರತಿಭಟಿಸಿದರು, ಲೆಂಬಾಟಾದ ಕಡಲು ಆ ಗಡಿಯಿಂದ ಹೊರಗುಳಿಯಿತು. ಚರ್ಚೆಯಲ್ಲಿ ಹೊರಗಿನವರು ಲಮಫಾನನ್ನು ವೀರ ಎಂದೋ ಕ್ರೂರಿ ಎಂದೋ ಕರೆದು ಮುಗಿಸುತ್ತಾರೆ. ಮಾಂಸ ನಿಂತರೆ ಗುಡ್ಡದಿಂದ ಜೋಳವೂ ಇಳಿಯುವುದಿಲ್ಲ ಎಂಬ ಲೆಕ್ಕವನ್ನು ಎತ್ತುವವರು ಕಡಿಮೆ.

ಆ ಲೆಕ್ಕವೂ ಈಗ ಬದಲಾಗುತ್ತಿದೆ. ವುಲಂದೋನಿಯ ಸಂತೆಯಲ್ಲಿ ಸೋಪು, ಪ್ಲಾಸ್ಟಿಕ್ ಸಾಮಾನು, ಸಿದ್ಧ ಉಡುಪು ಮಾರುವವರು ಬರುತ್ತಾರೆ, ಅವರಿಗೆ ಬೇಕಾದದ್ದು ರೂಪಿಯಾ. ಮಕ್ಕಳನ್ನು ದೂರದ ಶಾಲೆ-ಕಾಲೇಜಿಗೆ ಕಳಿಸುವ ತಾಯಿಗೂ ನಗದೇ ಬೇಕು, ಶುಲ್ಕದ ಕಿಟಕಿಯಲ್ಲಿ ಜೋಳದ ತೆನೆ ನಡೆಯುವುದಿಲ್ಲ. ಹಾಗಾಗಿ ಬುಟ್ಟಿಯಲ್ಲಿ ಒಂದಷ್ಟನ್ನು ಹಣಕ್ಕೆಂದು, ಉಳಿದದ್ದನ್ನು ಮುಂಗದ ಲೆಕ್ಕಕ್ಕೆಂದು ಬೇರೆ ಮಾಡಿಟ್ಟುಕೊಂಡು ಸಂತೆಗೆ ಹೋಗಬೇಕಾಗಿದೆ.

ನಮಸ್ಕಾರ.